ಅರ್ಧಂಬರ್ಧ ಅತ್ತೆ

ನಾಟಕ ಕಂಪನಿಯಲ್ಲಿ ಎಲ್ಲರೂ ಅವಳನ್ನು ಗಿರಗಿಟ್ಲೆ ಎಂದು ಕರೆಯುತ್ತಿದ್ದರು. ಕೂತಲ್ಲಿ ಕೂರುವವಳಲ್ಲ, ನಿಂತಲ್ಲಿ ನಿಲ್ಲುವವಳಲ್ಲ. ತಾಲೀಮಿನ ನಡುವೆ ಬಿಡುವು ಸಿಕ್ಕರೆ, ಉಳಿದವರು ಒಂದು ಲೋಟ ಚಹಾ ಕುಡಿಯುವಷ್ಟರಲ್ಲಿ ಅವಳು ಪರದೆಯ ಹರಿದ ಅಂಚನ್ನು ಹೊಲಿದು, ಬಾಗಿಲ ಚಿಲಕಕ್ಕೆ ಎಣ್ಣೆ ಬಿಟ್ಟು, ಯಾರದೋ ಜಗಳಕ್ಕೆ ತಲೆ ಹಾಕಿ ವಾಪಸು ಬಂದಿರುತ್ತಿದ್ದಳು.

ಕಂಪನಿಗೆ ಅವಳು ಸೇರಿದ್ದೇ ಬಟ್ಟೆ ಹೊಲಿಯುವ ಕೆಲಸಕ್ಕೆ. ಅಂಗಿಗಳಿಗೆ ಗುಂಡಿ ಹಾಕುವುದು, ಸೊಂಟ ದಪ್ಪಗಾದ ನಾಯಕರಿಗೆ ಹೊಲಿಗೆ ಬಿಚ್ಚಿ ಸಡಿಲ ಮಾಡಿಕೊಡುವುದು, ಇಷ್ಟೇ. ಒಂದು ಸಂಜೆ ಕೆಲಸದಾಕೆಯ ಪಾತ್ರ ಮಾಡುವವಳಿಗೆ ಗಂಟಲು ಕಟ್ಟಿತು. ಮೂರೇ ಮೂರು ಮಾತಿನ ಪಾತ್ರ. "ದಿನಾ ಕೇಳಿ ಕೇಳಿ ನಿನಗೆ ಬಾಯಿಪಾಠ ಆಗಿದೆಯಲ್ಲ, ಹೋಗಿ ಹೇಳಿ ಬಂದುಬಿಡು" ಎಂದು ಮ್ಯಾನೇಜರು ಅವಳನ್ನು ರಂಗಕ್ಕೆ ತಳ್ಳಿದರು. ಆ ದೃಶ್ಯದಲ್ಲಿ ಮನೆಯ ಯಜಮಾನ ತನ್ನ ಅತ್ತೆಗೆ ಹೆದರಿ ಪರದೆಯ ಹಿಂದೆ ಅಡಗಿರುತ್ತಾನೆ. ಬೂಟಿನ ತುದಿಗಳು ಮಾತ್ರ ಹೊರಗೆ ಇಣುಕುತ್ತಿರುತ್ತವೆ. ಅತ್ತೆ ಬಂದು ಕೇಳಿದಾಗ ಕೆಲಸದಾಕೆ "ಯಜಮಾನರು ಮನೇಲಿಲ್ಲ" ಎನ್ನಬೇಕು. ಅವಳು ಅಂದಳು. ಆದರೆ ಕೈ ಸುಮ್ಮನಿರಬೇಕಲ್ಲ. ಕಣ್ಣೆದುರು ಧೂಳು ಹಿಡಿದ ಬೂಟು, ಹೆಗಲ ಮೇಲೆ ಒರೆಸುವ ಬಟ್ಟೆ. ಬಗ್ಗಿ ಎರಡೂ ಬೂಟುಗಳನ್ನು ಚೊಕ್ಕಟವಾಗಿ ಒರೆಸಿದಳು.

ಸಭೆ ಬಿದ್ದು ಬಿದ್ದು ನಕ್ಕಿತು. ಅವಳು ಬಟ್ಟೆ ಹಿಡಿದು ಹಾಗೇ ನಿಂತಳು. ನಗು ಇಳಿಯಿತು. ಆಮೇಲೆ ಎರಡನೆಯ ಮಾತು ಹೇಳಿದಳು: "ಬಂದ ಕೂಡಲೇ ತಿಳಿಸ್ತೀನಿ." ಮತ್ತೆ ಅದೇ ಅಲೆ ಎದ್ದಿತು.

ರಂಗದ ಪಕ್ಕದ ಮರೆಯಲ್ಲಿ ಪುಸ್ತಕ ಹಿಡಿದು, ಮಾತು ಮರೆತವರಿಗೆ ಪಿಸುದನಿಯಲ್ಲಿ ನೆನಪಿಸುವ ಪ್ರಾಂಪ್ಟರ್ ನಿಂತಿದ್ದ. ಸಣಕಲ ಮನುಷ್ಯ, ಮಾತು ಕಡಿಮೆ. ಅವಳು ಒಳಗೆ ಬಂದಾಗ ಕೇಳಿದ, "ನಗು ಇಳಿಯೋವರೆಗೂ ಕಾದೆಯಲ್ಲ, ಯಾರು ಹೇಳಿಕೊಟ್ರು?"

"ಯಾರೂ ಇಲ್ಲ. ಅವರು ಮಾತಾಡ್ತಿದ್ರಲ್ಲ, ನಡುವೆ ಬಾಯಿ ಹಾಕಬಾರದು ಅಂತ ಸುಮ್ನಿದ್ದೆ."

ಪ್ರಾಂಪ್ಟರ್ ಪುಸ್ತಕ ಮುಚ್ಚಿ ಅವಳ ಮುಖವನ್ನೇ ನೋಡಿದ. ಮರುವರ್ಷ ಅವರಿಬ್ಬರೂ ಮದುವೆಯಾದರು.

ಆಮೇಲೆ ಬಹಳ ವರ್ಷ ಅವಳಿಗೆ ಅದೇ ಬದುಕು. ಬಜಾರಿ ಅತ್ತಿಗೆ, ಕಿವುಡಿ ಸೋದರತ್ತೆ, ಗಂಡನನ್ನು ಕುಣಿಸುವ ಹೆಂಡತಿ, ಯಾವ ಪಾತ್ರವಾದರೂ ಸರಿ. ನಾಯಕಿಯ ಪಾತ್ರ ಯಾರೂ ಕೊಡಲಿಲ್ಲ, ಅವಳೂ ಕೇಳಲಿಲ್ಲ. ಮಗಳು ಹುಟ್ಟಿದಾಗ ತೊಟ್ಟಿಲು ಬಣ್ಣ ಹಚ್ಚುವ ಕೋಣೆಯಲ್ಲೇ ತೂಗಿತು. ಜನರ ನಗು ಅವಳಿಗೆ ಮಾತಿನ ಹಾಗೆಯೇ ಕೇಳಿಸುತ್ತಿತ್ತು. ಹಿಂದಿನ ಸಾಲಿನವರು ತಡವಾಗಿ ನಗುತ್ತಾರೆ, ಬಲಗಡೆಯವರಿಗೆ ಇವತ್ತು ಮನಸ್ಸು ಸರಿಯಿಲ್ಲ, ಮೂರನೆಯ ಸಾಲಿನಲ್ಲಿ ಒಬ್ಬಾಕೆ ಮುಂದಿನ ಮಾತಿಗೆ ಮೊದಲೇ ಸಿದ್ಧಳಾಗಿದ್ದಾಳೆ. ಇದೆಲ್ಲ ಅವಳಿಗೆ ಗೊತ್ತಾಗುತ್ತಿತ್ತು. ಅದಕ್ಕೆ ತಕ್ಕಂತೆ ಒಂದು ಮಾತನ್ನು ಎಳೆಯುವಳು, ಇನ್ನೊಂದನ್ನು ನುಂಗುವಳು.

ನಾಟಕ ನೋಡುವವರು ಕಡಿಮೆಯಾದರು. ಕೊನೆಗೆ ಕಂಪನಿ ಮುಚ್ಚಿ, ರಂಗಮಂದಿರದಲ್ಲಿ ಯಾರೋ ಕುರ್ಚಿ ಮಂಚಗಳನ್ನು ಪೇರಿಸಿಟ್ಟರು. ಅದೇ ಹೊತ್ತಿಗೆ ಟಿವಿಯವರು ಅವಳನ್ನು ಕರೆದರು. ಧಾರಾವಾಹಿಯಲ್ಲಿ ಒಬ್ಬ ಅತ್ತೆಯ ಪಾತ್ರ. ಎಲ್ಲವನ್ನೂ ಅರ್ಧ ಕೇಳಿಸಿಕೊಂಡು, ಎರಡರಷ್ಟು ಮಾಡಿ ಊರೆಲ್ಲ ಹಂಚುವವಳು. "ಮೇಲಿನ ಮನೆ ಯಜಮಾನರು ಹೋಗ್ಬಿಟ್ರು" ಎಂಬ ಮಾತು ಮೆಟ್ಟಿಲ ಬಳಿ ಕಿವಿಗೆ ಬಿದ್ದದ್ದೇ ತಡ, ಆಕೆ ಅಕ್ಕಪಕ್ಕದವರನ್ನೆಲ್ಲ ಸೇರಿಸಿ ಗೋಳಾಡಿಸುತ್ತಾಳೆ. ಅಂಗಡಿಗೆ ಹೋಗಿದ್ದ ಯಜಮಾನರು ಚೀಲ ಹಿಡಿದು ಬಂದು, ಅಳುವವರ ನಡುವೆ ತಾವೂ ಕೂತು, "ಪಾಪ, ಯಾರು ಹೋಗಿದ್ದು?" ಎಂದು ಕಣ್ಣೊರೆಸಿಕೊಳ್ಳುತ್ತಾರೆ. ಎಲ್ಲ ಸುದ್ದಿ ಹಂಚಿಯಾದ ಮೇಲೆ ಆಕೆಯದು ಒಂದೇ ಮಾತು: "ನಾನಂತೂ ಯಾರಿಗೂ ಹೇಳಲ್ಲಪ್ಪ." ವಾರ ಕಳೆಯುವುದರೊಳಗೆ ಬೀದಿಯ ಮಕ್ಕಳ ಬಾಯಲ್ಲೆಲ್ಲ ಅದೇ ಮಾತು. ಅರ್ಧಂಬರ್ಧ ಅತ್ತೆ ಎಂಬ ಹೆಸರು ನಿಂತುಬಿಟ್ಟಿತು.

ಆದರೆ ಮೊದಲ ದಿನದ ಚಿತ್ರೀಕರಣದಲ್ಲೇ ಅವಳಿಗೆ ಏನೋ ತಪ್ಪಿದಂತಾಗಿತ್ತು. ಮಾತು ಹೇಳಿ, ಅಭ್ಯಾಸದಂತೆ ನಿಂತಳು. ಎದುರಿಗೆ ಕ್ಯಾಮೆರಾ, ದೀಪಗಳು, ಉಸಿರು ಬಿಗಿಹಿಡಿದ ಹತ್ತಾರು ಜನ.

"ಕಟ್" ಎಂದ ನಿರ್ದೇಶಕ. ಅವಳ ಮಗಳ ವಯಸ್ಸಿನವನು, ಒಳ್ಳೆಯ ಹುಡುಗ. "ಯಾಕಮ್ಮ ನಿಂತ್ರಿ? ಮುಂದಿನ ಡೈಲಾಗ್ ಮರೆತ್ರಾ?"

"ಇಲ್ಲಪ್ಪ. ಇಲ್ಲಿ ನಗ್ತಾರೆ ಅಂತ."

"ಇಲ್ಲಿ ಯಾರು ನಗ್ತಾರೆ? ನಕ್ಕರೆ ಸೌಂಡ್ ಹಾಳಾಗತ್ತೆ."

ದೀಪ ಹಿಡಿಯುವವನೊಬ್ಬ ಮುಂದಿನ ಮಾತಿಗೆ ತಡೆಯಲಾರದೆ ಕಿಸಕ್ಕೆಂದ. ಅವನನ್ನು ಹೊರಗೆ ಕಳಿಸಿದರು. ಅವನ ಹಿಂದೆಯೇ ಓಡಿಹೋಗಿ ಕೈ ಹಿಡಿದು ಕರೆತರೋಣ ಅನ್ನಿಸಿತು ಅವಳಿಗೆ.

ನಗುವನ್ನು ಆಮೇಲೆ ಸೇರಿಸುತ್ತಿದ್ದರು. ಧ್ವನಿ ಜೋಡಿಸುವ ಕೋಣೆಗೆ ಒಂದು ದಿನ ಹೋಗಿ ಕೂತಳು. ಅಲ್ಲಿನ ಕೆಲಸಗಾರ ಹೆಮ್ಮೆಯಿಂದ ಗುಂಡಿ ಒತ್ತಿ ತೋರಿಸಿದ. "ರೆಡಿಮೇಡ್ ನಗು, ಅಕ್ಕ. ಸಣ್ಣದು, ಮಧ್ಯಮ, ದೊಡ್ಡದು. ಎಲ್ಲಿ ಬೇಕೋ ಅಲ್ಲಿ ಹಾಕೋದು."

"ನಾನು ಹೊಲಿಗೆಯವಳು ಕಣಪ್ಪ. ಅಳತೆ ತಗೊಳ್ದೆ ಹೊಲಿದಿದ್ದು ಯಾರ ಮೈಗೆ ಕೂರತ್ತೆ?"

"ಎಲ್ಲರ ಮೈಗೂ ಕೂರತ್ತಕ್ಕ, ಸ್ವಲ್ಪ ಸಡಿಲ ಇರತ್ತೆ ಅಷ್ಟೆ."

ದೊಡ್ಡ ಸೈಜಿನ ನಗುವಿನ ಕೊನೆಯಲ್ಲಿ ಯಾರೋ ಒಬ್ಬ ಕೆಮ್ಮುತ್ತಿದ್ದ. ಒಮ್ಮೆ ಅದು ಕಿವಿಗೆ ಬಿದ್ದ ಮೇಲೆ ಅವಳಿಗೆ ಬೇರೇನೂ ಕೇಳಿಸದಾಯಿತು. ಎಷ್ಟು ಚೆನ್ನಾಗಿ ಮಾಡಲಿ, ಎಷ್ಟು ಕೆಟ್ಟದಾಗಿ ಮಾಡಲಿ, ಆ ಮನುಷ್ಯ ತಪ್ಪದೆ ನಕ್ಕು ತಪ್ಪದೆ ಕೆಮ್ಮುತ್ತಿದ್ದ. "ಅವನಿಗೆ ಯಾರಾದ್ರೂ ಔಷಧಿ ಕೊಡಬಾರದಾ" ಎಂದು ಗಂಡನ ಬಳಿ ಗೊಣಗುತ್ತಿದ್ದಳು.

ವರ್ಷಗಳು ಹೀಗೇ ಉರುಳಿದವು. ಮಾರುಕಟ್ಟೆಯಲ್ಲಿ, ಬಸ್ಸಿನಲ್ಲಿ ಜನ ಗುರುತು ಹಿಡಿದರು. ಪಕ್ಕ ನಿಂತು ಫೋಟೊ ತೆಗೆಸಿಕೊಂಡರು. "ಅತ್ತೆ, ಆ ಮಾತು ಒಂದ್ಸಲ ಹೇಳಿ" ಎನ್ನುವರು. ಅವಳು ಹೇಳಿದರೆ ಫೋನು ಹಿಡಿದುಕೊಂಡು ನೋಡುವರು, ಸರಿಯಾಗಿ ರೆಕಾರ್ಡ್ ಆಯಿತೋ ಇಲ್ಲವೋ ಎಂದು. ನಗುತ್ತಿರಲಿಲ್ಲ. ಸಂತೋಷವೇನೋ ಪಡುತ್ತಿದ್ದರು, ಅದು ಬೇರೆ ಮಾತು.

ಕೊನೆಕೊನೆಗೆ ಧಾರಾವಾಹಿ ಬರುವ ಹೊತ್ತಿಗೆ ಅವಳಿಗೆ ಮನೆಯಲ್ಲಿ ಕೂರಲಾಗುತ್ತಿರಲಿಲ್ಲ. ಮುಳ್ಳಿನ ಮೇಲೆ ಕೂತಂತೆ ಏಳುವಳು, ಕಿಟಕಿಗೆ ಹೋಗುವಳು, ಬರುವಳು. "ಹಾಲು ತರ್ತೀನಿ" ಎಂದು ಹೊರಟುಬಿಡುವಳು. ಮನೆಯಲ್ಲಿ ಹಾಲಿರುವುದು ಗಂಡನಿಗೆ ಗೊತ್ತು. ಅವನು ಚೀಲ ತೆಗೆದು ಕೊಡುತ್ತಿದ್ದ. ತಲೆಗೆ ಶಾಲು ಸುತ್ತಿಕೊಂಡು ಬೀದಿಯಿಂದ ಬೀದಿಗೆ ನಡೆಯುವಳು. ಕಿಟಕಿಗಳಲ್ಲಿ ಟಿವಿಯ ನೀಲಿ ಬೆಳಕು ಆಡುತ್ತಿರುತ್ತಿತ್ತು. ತನ್ನದೇ ದನಿ ಒಂದು ಮನೆಯಿಂದ ಕೇಳಿ, ಇನ್ನೊಂದು ಮನೆಯಿಂದ ಮುಂದುವರಿಯುತ್ತಿತ್ತು. ಅವಳು ಗೋಡೆಯ ಪಕ್ಕ ನಿಂತು ಕಿವಿಗೊಡುವಳು. ದನಿ, ರೆಡಿಮೇಡ್ ನಗು, ಕೆಮ್ಮು. ಮನೆಯವರು ನಕ್ಕರೋ ಇಲ್ಲವೋ? ಆ ಗದ್ದಲದಲ್ಲಿ ಗೊತ್ತಾಗುತ್ತಿರಲಿಲ್ಲ. ಮುಂದಿನ ಕಿಟಕಿಯಲ್ಲಾದರೂ ಗೊತ್ತಾದೀತು ಎಂದು ಹೆಜ್ಜೆ ಹಾಕುವಳು.

ಒಂದು ಸಂಜೆ ನೆಲಮಹಡಿಯ ಮನೆಯೊಂದರ ಕಿಟಕಿಯ ಕೆಳಗೆ ಸಿಕ್ಕಿಬಿದ್ದಳು. ಕಸದ ಬುಟ್ಟಿ ಹಿಡಿದು ಹೊರಗೆ ಬಂದ ಅಜ್ಜಿಯೊಬ್ಬಳು "ಯಾರದು?" ಎಂದು ಶಾಲಿನೊಳಗೆ ಇಣುಕಿ, ಬುಟ್ಟಿಯನ್ನು ಅಲ್ಲೇ ಬಿಟ್ಟಳು. "ಅಯ್ಯೋ, ನಮ್ಮ ಅತ್ತೆ" ಎಂದು ಕೈ ಹಿಡಿದು ಒಳಗೆ ಎಳೆದೊಯ್ದಳು.

ಪುಟ್ಟ ಕೋಣೆ. ಸೊಸೆ ಮಡಿಸುತ್ತಿದ್ದ ಬಟ್ಟೆಗಳ ರಾಶಿಯನ್ನು ಗಡಿಬಿಡಿಯಲ್ಲಿ ಕುರ್ಚಿಯಿಂದ ತೆಗೆದು ಅವಳನ್ನು ಕೂರಿಸಿದಳು. ಶಾಲೆಗೆ ಹೋಗುವ ಮೊಮ್ಮಗಳು ಬಾಯಿ ತೆರೆದುಕೊಂಡು ಒಮ್ಮೆ ಟಿವಿಯನ್ನೂ ಒಮ್ಮೆ ಅವಳನ್ನೂ ನೋಡಿದಳು. ಮೂಲೆಯಲ್ಲಿ ತೊಟ್ಟಿಲು. ಟಿವಿಯಲ್ಲಿ ಅವಳ ದೃಶ್ಯವೇ ನಡೆಯುತ್ತಿತ್ತು. ಅವಳು ಕುರ್ಚಿಯ ತುದಿಗೆ ಸರಿದಳು. ಇಷ್ಟು ವರ್ಷಗಳಾದ ಮೇಲೆ, ನಗುವವರ ನಡುವೆಯೇ ಕೂತಿದ್ದಳು.

ಯಾರೂ ನಗಲಿಲ್ಲ. ಮೂವರೂ ಟಿವಿ ಬಿಟ್ಟು ಅವಳ ಮುಖ ನೋಡುತ್ತಿದ್ದರು. ನಗುವ ಜಾಗ ಬಂದಾಗ, ನಗಬಹುದೇ ಎಂದು ಅಪ್ಪಣೆ ಕೇಳುವಂತೆ ನೋಡಿ, ಮರ್ಯಾದೆಗೆ ತುಟಿ ಅಗಲಿಸಿದರು.

"ನನ್ನ ನೋಡಬೇಡಿ, ಅಲ್ಲಿ ನೋಡಿ" ಎಂದಳು ಅವಳು.

ಆಗ ಮೊಮ್ಮಗಳು ಅಂದಳು, "ಇವತ್ತು ಅಜ್ಜಿ ಸೌಂಡ್ ಕಮ್ಮಿ ಮಾಡೋದೇ ಮರೆತುಬಿಟ್ರು."

"ಸುಮ್ನಿರೇ" ಎಂದು ಸೊಸೆ ಗದರಿದಳು.

ಅವಳು ಬಿಡಲಿಲ್ಲ. "ಯಾಕೆ ಪುಟ್ಟಿ, ದಿನಾ ಕಮ್ಮಿ ಮಾಡ್ತಾರಾ?"

"ನೀವು ಬಂದಾಗ ಮಾತ್ರ. ಟಿವಿಲಿ ಜೋರಾಗಿ ನಗ್ತಾರಲ್ಲ, ಪಾಪು ಎದ್ದುಬಿಡತ್ತೆ."

ಅಜ್ಜಿ ನಾಚಿ ನಕ್ಕಳು. "ನೀವೇನೂ ಅಂದ್ಕೋಬೇಡಿ ತಾಯಿ. ನಿಮಗೆ ಶಬ್ದ ಯಾಕೆ ಬೇಕು? ನಿಮ್ಮ ಮುಖ ನೋಡಿದ್ರೆ ಸಾಕು, ನಮ್ಮ ಹೊಟ್ಟೆ ತುಂಬತ್ತೆ."

ಅವಳೂ ನಕ್ಕು, ಕೊಟ್ಟ ಚಹಾ ಕುಡಿದು, ಮಗುವಿನ ಕೆನ್ನೆ ಮುಟ್ಟಿ ಎದ್ದು ಬಂದಳು. ಬೀದಿಗೆ ಬಂದ ಮೇಲೆ ಎಷ್ಟು ಬೇಗ ನಡೆದಳೆಂದರೆ, ತನ್ನ ಮನೆಯ ತಿರುವನ್ನು ದಾಟಿ ಹೋಗಿ ಮತ್ತೆ ಹಿಂದಿರುಗಬೇಕಾಯಿತು.

"ಒಳ್ಳೇ ಮಾತೇ ಆಡಿದ್ರಲ್ಲ ಪಾಪ" ಎಂದ ಗಂಡ, ಎಲ್ಲ ಕೇಳಿದ ಮೇಲೆ.

"ಒಳ್ಳೇ ಮಾತೇ ಕಣ್ರೀ. ಒಂದೊಂದು ಮಾತನ್ನ ಎಲ್ಲಿ ನಿಲ್ಲಿಸ್ಬೇಕು ಅಂತ ನಾನು ತಲೆ ಚಚ್ಕೋತೀನಿ, ಅಲ್ಲಿ ನನ್ನ ಬಾಯೇ ಮುಚ್ಚಿಸಿದ್ದಾರೆ. ಅದೂ ಆ ಕೆಮ್ಮೋನ ದೆಸೆಯಿಂದ."

ಮರುದಿನ ನೇರ ನಿರ್ದೇಶಕನ ಕೋಣೆಗೆ ಹೋಗಿ, "ಆ ನಗು ತೆಗೆದುಬಿಡಿ" ಎಂದಳು.

ಅವನು ಕುರ್ಚಿ ಎಳೆದು ಕೊಟ್ಟ. ಅವಳು ಕೂರಲಿಲ್ಲ. "ಅಮ್ಮ, ಅದು ತೆಗೆದ್ರೆ ಜನಕ್ಕೆ ಎಲ್ಲಿ ನಗಬೇಕು ಅಂತ ಗೊತ್ತಾಗಲ್ಲ" ಎಂದ.

"ಗೊತ್ತಾಗದಿದ್ರೆ ನಗೋದು ಬೇಡ. ಆಗ ತಪ್ಪು ನಂದು ಅಂತ ನನಗಾದ್ರೂ ಗೊತ್ತಾಗತ್ತೆ."

"ನೀವು ಯಾವತ್ತಾದ್ರೂ ತಪ್ಪು ಮಾಡಿದ್ದೀರಾ? ಎಷ್ಟು ವರ್ಷದಿಂದ ಒಂದೇ ಸಮ ಬರ್ತಿದೀರಿ."

"ಅದೇ ಭಯ ನನಗೆ" ಎಂದಳು.

ಅವನಿಗೆ ಅರ್ಥವಾಗಲಿಲ್ಲ. ಅರ್ಥವಾಗಿದ್ದರೂ ಅವನ ಕೈಯಲ್ಲಿ ಇರಲಿಲ್ಲ. ಮೇಲಿನವರನ್ನು ಕೇಳಿದ, ಆಗದು ಎಂದರು. ಒಪ್ಪಂದ ಮುಗಿದ ತಿಂಗಳಲ್ಲಿ ಅವಳು ಧಾರಾವಾಹಿ ಬಿಟ್ಟಳು.

ಮಗಳು ಓಡಿಬಂದಳು. ಆಸ್ಪತ್ರೆಯಲ್ಲಿ ನರ್ಸ್, ಆಪರೇಷನ್ ಆದವರ ವಾರ್ಡಿನಲ್ಲಿ ಕೆಲಸ. "ಅಮ್ಮ, ನಿನಗೆ ತಲೆ ಕೆಟ್ಟಿದೆಯಾ? ನಮ್ಮ ವಾರ್ಡಲ್ಲಿ ಎಲ್ಲರೂ ನಿನ್ನನ್ನ ನೋಡೋಕೆ ಅಂತ ಸಂಜೆವರೆಗೆ ಕಾಯ್ತಾರೆ."

ಅವಳ ಕಣ್ಣು ಅರಳಿತು. "ನಗ್ತಾರಾ?"

"ಎಲ್ಲಿ ನಗ್ತಾರೆ? ಹೊಲಿಗೆ ಬಿಚ್ಚತ್ತೆ ಅಂತ ಹೊಟ್ಟೆ ಹಿಡ್ಕೊಂಡು ತಡ್ಕೋತಾರೆ."

ಗಂಡ ತಟ್ಟೆಯ ಮೇಲೆ ಬಗ್ಗಿ ನಗು ಮುಚ್ಚಿಕೊಂಡ. ಅವಳಿಗೆ ನಗು ಬರಲಿಲ್ಲ. ಬಾಗಿಲಿಗೆ ಹೋಗಿ ನಿಂತು, ಮತ್ತೆ ಒಳಗೆ ಬಂದು, "ತಡ್ಕೋತಾರೆ ಅಂದ್ರೆ ಬರತ್ತೆ ಅಂತ ಅರ್ಥ ಅಲ್ವಾ?" ಎಂದು ಕೇಳಿದಳು. ಮಗಳು ಹಣೆ ಚಚ್ಚಿಕೊಂಡಳು.

ಧಾರಾವಾಹಿಯಲ್ಲಿ ಅತ್ತೆ ಮಗಳ ಮನೆಗೆ ಹೋಗಿದ್ದಾಳೆ ಎಂದು ಕೆಲವು ದಿನ ತಳ್ಳಿದರು. ಆಮೇಲೆ ಅತ್ತೆ ವಾಪಸು ಬಂದಳು. ಅದೇ ಹೂವಿನ ಅಂಗಿ, ಕೊರಳಿಗೆ ನೇತುಬಿದ್ದ ಅದೇ ಕನ್ನಡಕ, ಅದೇ ಬಾತುಕೋಳಿ ನಡಿಗೆ. ಒಳಗಿದ್ದವಳು ಮಾತ್ರ ಬೇರೆ. "ನೋಡಬೇಡ" ಎಂದ ಗಂಡ. ಅವಳು ನೋಡಿದಳು. ಹೊಸಬಳು "ನಾನಂತೂ ಯಾರಿಗೂ ಹೇಳಲ್ಲಪ್ಪ" ಎಂದಳು. ಎಂದಿನಂತೆ ನಗು ಬಂತು, ಕೊನೆಯಲ್ಲಿ ಕೆಮ್ಮು.

"ಚೆನ್ನಾಗೇ ಮಾಡ್ತಾಳೆ" ಎಂದು ಟಿವಿ ಆರಿಸಿದಳು. ಅದು ಸುಳ್ಳಲ್ಲ. ಅದಕ್ಕೇ ಸಂಕಟ ಹೆಚ್ಚಾಯಿತು. ಆ ವಾರವಿಡೀ ಮನೆಯ ಎಲ್ಲ ಕಪಾಟುಗಳನ್ನೂ ಖಾಲಿ ಮಾಡಿ ಮತ್ತೆ ಜೋಡಿಸಿದಳು. ಗಂಡನಿಗೆ ತನ್ನ ಕಾಲುಚೀಲ ಹುಡುಕಲು ಅವಳನ್ನೇ ಕೇಳಬೇಕಾಯಿತು.

ಕಂಪನಿಯ ಹಳೆಯ ಜೊತೆಗಾರರು ಕೆಲವರು ಒಂದು ಸಭಾಭವನ ಹಿಡಿದು ಭಾನುವಾರ ಮಧ್ಯಾಹ್ನಗಳಲ್ಲಿ ನಾಟಕ ಆಡತೊಡಗಿದ್ದರು. ಅವಳು ಬರುತ್ತಾಳೆಂದು ತಿಳಿದದ್ದೇ, ಭಿತ್ತಿಪತ್ರದ ಮೇಲೆ "ಅರ್ಧಂಬರ್ಧ ಅತ್ತೆ ನಿಮ್ಮ ಮುಂದೆ" ಎಂದು ಹಾಕಿಸಿದರು. ಭವನ ತುಂಬಿತು. ಅವಳು ರಂಗಕ್ಕೆ ಕಾಲಿಟ್ಟ ಕೂಡಲೇ ಚಪ್ಪಾಳೆ ನಿಲ್ಲಲೇ ಇಲ್ಲ. ಬಾಯಿ ತೆರೆದಳು, ನಕ್ಕರು. "ಬಾಗಿಲು ಹಾಕು" ಎಂಬ ಸಾಧಾರಣ ಮಾತಿಗೆ ನಕ್ಕರು. ಒಂದು ಕಡೆ ನಿಜಕ್ಕೂ ಮಾತು ಮರೆತು ತಡವರಿಸಿದಳು, ಅದಕ್ಕೆ ಎಲ್ಲಕ್ಕಿಂತ ಜೋರಾಗಿ ನಕ್ಕರು.

ಕೆಲವು ವಾರ ಅವಳು ಅದನ್ನು ಸವಿದಳು. ಯಾಕೆ ಸವಿಯಬಾರದು? ಎಷ್ಟು ವರ್ಷಗಳ ಬಾಯಾರಿಕೆ. ಆದರೆ ಅದೇ ಹಳೆಯ ಅನುಮಾನ ಕೊರೆಯತೊಡಗಿತು. ಒಂದು ಭಾನುವಾರ ಬಣ್ಣ ಒರೆಸಿಕೊಳ್ಳುತ್ತ ಗಂಡನಿಗೆ ಹೇಳಿದಳು, "ನಾನು ದಿನಸಿ ಚೀಟಿ ಓದಿದ್ರೂ ನಗ್ತಾರೆ. ಇವರು ಬರುವಾಗಲೇ ನಗುನ ಮನೆಯಿಂದ ಕಟ್ಟಿಕೊಂಡು ಬರ್ತಾರೆ."

"ನಗದಿದ್ರೂ ನಿನಗೆ ಕಷ್ಟ, ನಕ್ಕರೂ ಕಷ್ಟ."

"ಹೌದು. ಏನೀಗ?"

"ಏನಿಲ್ಲ. ನಿನ್ನ ಜೊತೆ ಬಾಳೋನು ನಾನು, ಕೇಳಿದೆ ಅಷ್ಟೆ."

ಮುಂದಿನ ನಾಟಕದಲ್ಲಿ ಅವಳು ಅತ್ತೆಯ ಪಾತ್ರ ಬೇಡವೆಂದಳು. ಮಾತು ಬಿಟ್ಟ ಅಣ್ಣತಮ್ಮಂದಿರಿಬ್ಬರು ಮನೆ ಪಾಲು ಮಾಡಿಕೊಳ್ಳುವ ಕಥೆ ಅದು. ನಡುವೆ ಮನೆ ಅಳೆಯಲು ಒಬ್ಬ ಮುದುಕ ಟೇಪು ಹಿಡಿದು ಬರುತ್ತಾನೆ. ಒಂದೇ ದೃಶ್ಯ, ಬೆರಳೆಣಿಕೆಯ ಮಾತು. "ಅದನ್ನ ನನಗೆ ಕೊಡಿ. ಭಿತ್ತಿಪತ್ರದಲ್ಲಿ ನನ್ನ ಸುದ್ದಿ ಇರಬಾರದು" ಎಂದಳು. ಜೊತೆಗಾರರು ಮುಖ ಮುಖ ನೋಡಿಕೊಂಡರು. ಟಿಕೆಟ್ ಹೇಗೆ ಹೋಗುತ್ತದೆ ಎಂದು ಒಬ್ಬ ಕೇಳಿಯೂ ಕೇಳಿದ. ಆದರೆ ಅವಳ ಹಟ ಅವರಿಗೆ ಹೊಸದಲ್ಲ.

ಮೀಸೆ ಅಂಟಿಸಿ, ಬೋಳುತಲೆಯ ಟೋಪನ್ನು ಹಾಕಿ, ದನಿ ತಗ್ಗಿಸಿ ನಿಂತರೆ ಹೆತ್ತ ಮಗಳಿಗೂ ಗುರುತು ಸಿಗುತ್ತಿರಲಿಲ್ಲ. ಅಣ್ಣತಮ್ಮಂದಿರು ಮುಖ ತಿರುಗಿಸಿಕೊಂಡು ನಿಂತಿರುತ್ತಾರೆ; ಟೇಪಿನ ತುದಿ ತಮ್ಮನ ಕೈಯಲ್ಲಿ, ಸುರುಳಿ ಮುದುಕನ ಕೈಯಲ್ಲಿ. ಮುದುಕ ಬಾಗಿಲನ್ನು ಅಳೆದು ಹೇಳುತ್ತಾನೆ: "ಬಾಗಿಲು ಇಬ್ಬರಿಗೂ ಅರ್ಧರ್ಧ ಬರತ್ತೆ. ಒಬ್ಬರು ಬರೋಕೆ ಇಟ್ಕೊಳ್ಳಿ, ಇನ್ನೊಬ್ಬರು ಹೋಗೋಕೆ ಇಟ್ಕೊಳ್ಳಿ."

ಮೊದಲ ಭಾನುವಾರ ಆ ಮಾತಿಗೆ ಭವನ ತುಟಿ ಪಿಟ್ಟೆನ್ನಲಿಲ್ಲ. ಎರಡನೆಯ ಭಾನುವಾರ ಯಾರೋ ಆಕಳಿಸಿದರು. ಅವಳು ಹೊಲಿಗೆಯ ಪೆಟ್ಟಿಗೆ ಹಿಡಿದು ಕಂಪನಿಗೆ ಬಂದ ಕಾಲದಲ್ಲೂ ಇಷ್ಟು ಹೆದರಿರಲಿಲ್ಲ.

ಗಂಡ ಈಗ ಪುಸ್ತಕ ಹಿಡಿಯುತ್ತಿರಲಿಲ್ಲ, ಹಿಂದಿನ ಸಾಲಿನಲ್ಲಿ ಕೂತು ನೋಡುತ್ತಿದ್ದ. ಮನೆಗೆ ಬರುವ ಬಸ್ಸಿನಲ್ಲಿ ಹೇಳಿದ, "ಅದು ತಮಾಷೆ ಅಂತ ಗೊತ್ತಿರೋರ ಥರ ಹೇಳ್ತೀಯ."

"ತಮಾಷೆನೇ ಅಲ್ವಾ?"

"ನಮಗೆ ತಮಾಷೆ. ಅವನಿಗಲ್ಲ. ಅವನು ಜಗಳ ಬಗೆಹರಿಸೋಕೆ ನೋಡ್ತಿದಾನೆ, ಪಾಪ."

ಅವಳು ಇಳಿಯುವ ನಿಲ್ದಾಣ ಬರುವ ಮೊದಲೇ ಎದ್ದು ಬಾಗಿಲ ಬಳಿ ನಿಂತಳು. ಆ ವಾರ ಮನೆಯ ಕಿಟಕಿ, ಮೇಜು, ಮಂಚ, ಮಲಗಿದ್ದ ಗಂಡ, ಎಲ್ಲವನ್ನೂ ಟೇಪು ಹಿಡಿದು ಅಳೆದಳು. ತಗ್ಗಿಸಿದ ದನಿಯಲ್ಲಿ, ಬಹಳ ಕಾಳಜಿಯಿಂದ, ಯಾರಿಗೆ ಎಷ್ಟು ಬರುತ್ತದೆಂದು ಗೋಡೆಗಳಿಗೆ ವಿವರಿಸಿದಳು.

ಮೂರನೆಯ ಭಾನುವಾರ ಭವನ ಅರ್ಧವೂ ತುಂಬಿರಲಿಲ್ಲ. ಅವಳು ಬಾಗಿಲನ್ನು ಅಳೆದಳು, ಅನುಮಾನ ಬಂದವಳಂತೆ ಮತ್ತೊಮ್ಮೆ ಅಳೆದಳು. ಅಣ್ಣನ ಮುಖ ನೋಡಿ, ತಮ್ಮನ ಮುಖ ನೋಡಿ, ಇಬ್ಬರಿಗೂ ಅನ್ಯಾಯವಾಗಬಾರದೆಂಬ ಕಳಕಳಿಯಿಂದ ಆ ಮಾತು ಹೇಳಿದಳು. ಅಷ್ಟರಲ್ಲೇ ತಮ್ಮನ ಪಾತ್ರದವನ ಕೈಯಿಂದ ಟೇಪಿನ ತುದಿ ಜಾರಿ, ಸರ್ರನೆ ಸುರುಳಿ ಸುತ್ತಿಕೊಂಡು ಬಂದು ಅವಳ ಬೆರಳಿಗೆ ಹೊಡೆಯಿತು. ಎಡಗಡೆ ಒಬ್ಬ ಹೆಂಗಸು ನಕ್ಕಳು. ಅವಳ ಪಕ್ಕದವರು ನಕ್ಕರು. ನಗು ಹಿಂದಿನ ಸಾಲಿನವರೆಗೂ ಹೋಗಿ, ಸಣ್ಣದಾಗಿ, ತಡವಾಗಿ ಮುಗಿಯಿತು.

ಮನೆಗೆ ಬಂದು ಗಂಡ ಊಟಕ್ಕೆ ಕೂತ. ಅವಳು ಕನ್ನಡಿಯ ಮುಂದೆ ನಿಂತು ಮೀಸೆಯ ಅಂಟನ್ನು ಎಣ್ಣೆಯಲ್ಲಿ ತಿಕ್ಕುತ್ತಿದ್ದಳು. ಬಸ್ಸಿನಲ್ಲಿ ಶುರುವಾದ ವಾದ ಇನ್ನೂ ಮುಗಿದಿರಲಿಲ್ಲ.

"ಮಾತಿಗೇ ನಕ್ಕಿದ್ದು" ಎಂದಳು.

"ಟೇಪಿಗೆ" ಎಂದ ಗಂಡ.

"ಆ ಹೆಂಗಸು ಟೇಪು ಜಾರೋಕೆ ಮುಂಚೆನೇ ಉಸಿರು ಎಳ್ಕೊಂಡಿದ್ಳು. ನನಗೆ ಕೇಳಿಸ್ತು."

"ಅವಳೊಬ್ಬಳದ್ದು ಮಾತಿಗೆ ಇರಬಹುದು. ಉಳಿದೋರದ್ದು ಟೇಪಿಗೆ."

"ಒಬ್ಬಳದ್ದು ಅಂತ ಒಪ್ಕೊಂಡ್ರಲ್ಲ."

"ಇರಬಹುದು ಅಂದೆ. ಮೊದಲು ಬಂದು ಊಟ ಮಾಡು, ಆರಿಹೋಗ್ತಿದೆ."

ಅವಳು ತಟ್ಟೆಯನ್ನು ಕೈಯಲ್ಲೇ ಎತ್ತಿಕೊಂಡು, ನಿಂತೇ ಎರಡು ತುತ್ತು ತಿಂದಳು. ತಟ್ಟೆ ಕೆಳಗಿಟ್ಟು, ಅಡುಗೆಮನೆಯ ಬಾಗಿಲ ಆಚೆ ಹೋಗಿ, ಮುದುಕನ ಹಾಗೆ ಬೆನ್ನು ಬಾಗಿಸಿ ಒಳಗೆ ಬಂದಳು. ಬಾಗಿಲ ಚೌಕಟ್ಟನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದಳು.

"ಮುಂದಿನ ವಾರ ಟೇಪಿನ ತುದೀನ ಆ ತಮ್ಮನ ಕೈಗೆ ಕೊಡಲ್ಲ. ಕಿಟಕಿ ಸರಳಿಗೆ ಸಿಕ್ಕಿಸಿಬಿಡ್ತೀನಿ" ಎಂದಳು. "ಆಗ ನೋಡೋಣ, ಯಾವುದಕ್ಕೆ ನಗ್ತಾರೆ ಅಂತ."

"ನಗದಿದ್ರೆ?"

ಅವಳು ಆಗಲೇ ಮತ್ತೆ ಬಾಗಿಲ ಆಚೆ ಹೋಗಿದ್ದಳು.